ಕಾಪಿ ಆಯಿತೆಂದು ಹೇಳಬೇಕಾದವರು ಯಾರು?

ಕಂಪ್ಯೂಟರ್ ಜಾಲಗಳು ಇನ್ನೂ ಎಳೆಯವಾಗಿದ್ದ ಕಾಲದಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಒಂದು ಪ್ರಸಂಗ ನಡೆಯಿತು. ಅಲ್ಲಿ ಹಲವು ಸ್ಥಳೀಯ ಜಾಲಗಳಿದ್ದವು. ಒಂದರಿಂದ ಇನ್ನೊಂದಕ್ಕೆ ಮಾಹಿತಿ ದಾಟಿಸಲು ನಡುವೆ ಗೇಟ್‌ವೇ ಎಂಬ ಯಂತ್ರಗಳಿದ್ದವು. ಪ್ರತಿ ಹೆಜ್ಜೆಯಲ್ಲೂ ಮಾಹಿತಿಯ ತುಣುಕು, ಅಂದರೆ ಪ್ಯಾಕೆಟ್, ಸರಿಯಾಗಿ ಬಂದಿದೆಯೇ ಎಂದು ಚೆಕ್‌ಸಮ್ ಎಂಬ ತಾಳೆ ಲೆಕ್ಕ ಹಾಕಿ ನೋಡುವ ಏರ್ಪಾಡಿತ್ತು. ಅದನ್ನೇ ನಂಬಿಕೊಂಡು ಜನ ಫೈಲುಗಳನ್ನು ಅತ್ತಿಂದಿತ್ತ ಕಳಿಸುತ್ತಿದ್ದರು. ಆದರೆ ಒಂದು ಗೇಟ್‌ವೇ ಒಳಗೆ, ಬಂದ ಮಾಹಿತಿಯನ್ನು ಒಂದು ಬಫರಿನಿಂದ ಇನ್ನೊಂದಕ್ಕೆ ಎತ್ತಿಡುವಾಗ, ಹತ್ತು ಲಕ್ಷ ಬೈಟಿಗೆ ಸುಮಾರು ಒಂದು ಸಲ ಒಂದು ಜೋಡಿ ಬೈಟುಗಳು ಅದಲುಬದಲಾಗುತ್ತಿದ್ದವು. ತಂತಿಯಲ್ಲಿ ದೋಷವಿರಲಿಲ್ಲ. ತಂತಿಯನ್ನು ಕಾಯುತ್ತಿದ್ದ ಚೆಕ್‌ಸಮ್ ಪ್ರತಿ ಸಲವೂ ಎಲ್ಲ ಸರಿ ಎಂದೇ ಹೇಳಿತು. ಆ ದಾರಿಯಲ್ಲಿ ಒಂದು ಆಪರೇಟಿಂಗ್ ಸಿಸ್ಟಮ್ಮಿನ ಮೂಲ ಫೈಲುಗಳು ಮತ್ತೆ ಮತ್ತೆ ಓಡಾಡಿ, ಅವುಗಳಲ್ಲಿ ಕೆಲವು ಸದ್ದಿಲ್ಲದೆ ಕೆಟ್ಟುಹೋದವು. ಕೊನೆಗೆ ಅವುಗಳ ಒಡೆಯರು ಹಳೆಯ ಮುದ್ರಿತ ಪ್ರತಿಗಳನ್ನು ಹುಡುಕಿ ತೆಗೆದು, ಕಣ್ಣಿನಿಂದಲೇ ಹೋಲಿಸಿ ತಿದ್ದಬೇಕಾಯಿತು.

ಈ ಪ್ರಸಂಗವನ್ನು ದಾಖಲಿಸಿದವರು ಜೆರೋಮ್ ಸಾಲ್ಟ್ಜರ್, ಡೇವಿಡ್ ರೀಡ್ ಮತ್ತು ಡೇವಿಡ್ ಕ್ಲಾರ್ಕ್. 1981ರಲ್ಲಿ ಸಮ್ಮೇಳನವೊಂದರಲ್ಲಿ ಮಂಡಿಸಿ 1984ರಲ್ಲಿ ಪತ್ರಿಕೆಯಲ್ಲಿ ಪ್ರಕಟಿಸಿದ ಅವರ ಪ್ರಬಂಧ ಇಂಟರ್‌ನೆಟ್ಟಿನ ವಿನ್ಯಾಸವನ್ನೇ ರೂಪಿಸಿದ ಬರಹಗಳಲ್ಲಿ ಒಂದು. ಅಷ್ಟು ದೊಡ್ಡ ವಿಚಾರವನ್ನು ಹೇಳಲು ಅವರು ಆರಿಸಿಕೊಂಡ ಉದಾಹರಣೆ ತೀರ ಸಾಮಾನ್ಯವಾದದ್ದು: ಒಂದು ಕಂಪ್ಯೂಟರಿನ ಡಿಸ್ಕಿನಲ್ಲಿರುವ ಫೈಲನ್ನು ಜಾಲದ ಮೂಲಕ ಇನ್ನೊಂದು ಕಂಪ್ಯೂಟರಿಗೆ ಸಾಗಿಸುವುದು. ದಾರಿಯಲ್ಲಿರುವ ಯಂತ್ರಗಳು ಎಷ್ಟೇ ಎಚ್ಚರದಿಂದ ಕೆಲಸ ಮಾಡಿದರೂ ಫೈಲು ಸರಿಯಾಗಿ ತಲುಪಿತೇ ಎಂಬುದನ್ನು ಎರಡು ತುದಿಗಳೇ ಪರೀಕ್ಷಿಸಿ ಹೇಳಬೇಕು ಎಂಬುದು ಅವರ ವಾದ. ಮಂಡಿಗೆ ಹೋಗುವ ಅಡಿಕೆ ಲೋಡನ್ನು ಏರಿಸುವಾಗಲೂ ಇಳಿಸುವಾಗಲೂ ತೂಗುತ್ತೇವಲ್ಲ, ಹಾಗೆ. ದಾರಿಯ ಪ್ರತಿ ಚೆಕ್‌ಪೋಸ್ಟಿನಲ್ಲಿ ಲಾರಿ ನಿಂತು ಬಂದಿದ್ದರೂ ಈ ಎರಡು ತೂಕಗಳಿಗೆ ಬದಲಿಯಿಲ್ಲ.

ಇಂದು ನಮ್ಮ ಮುದ್ರಣಾಲಯಗಳಲ್ಲಿ, ಮದುವೆ ವಿಡಿಯೊ ಮಾಡುವ ಸ್ಟುಡಿಯೊಗಳಲ್ಲಿ, ಲೆಕ್ಕಪರಿಶೋಧಕರ ಕಚೇರಿಗಳಲ್ಲಿ, ಕಾಲೇಜುಗಳಲ್ಲಿ ಒಂದು ಮೂಲೆಯಲ್ಲಿ ಸರ್ವರೊ, ಜಾಲಕ್ಕೆ ನೇರ ಸೇರಿಸಿದ ಡಿಸ್ಕುಗಳ ನ್ಯಾಸ್ ಪೆಟ್ಟಿಗೆಯೊ ಇರುತ್ತದೆ. ದಿನಕ್ಕೆ ಒಮ್ಮೆಯಾದರೂ ಯಾರಾದರೊಬ್ಬರು ‘ಕಾಪಿ ಆಗ್ತಿಲ್ಲ’ ಎಂದು ಕೂಗುತ್ತಾರೆ. ಬರುವ ಉತ್ತರವೂ ಗೊತ್ತಿರುವುದೇ: ರಿಸ್ಟಾರ್ಟ್ ಮಾಡಿ ನೋಡಿ, ಆಂಟಿವೈರಸ್ ಆಫ್ ಮಾಡಿ ನೋಡಿ, ಫೋಲ್ಡರಿಗೆ ಎಲ್ಲರಿಗೂ ಪೂರ್ತಿ ಪರ್ಮಿಷನ್ ಕೊಟ್ಟುಬಿಡಿ. ಈ ಮೂರೂ ಕೆಲವೊಮ್ಮೆ ಕೆಲಸ ಮಾಡುತ್ತವೆ. ಆದರೆ ಯಾಕೆ ಕೆಲಸ ಮಾಡಿದವೆಂದು ತಿಳಿಯದೆ ಹೋಗುವುದರಿಂದ ತೊಂದರೆ ಮುಂದಿನ ವಾರ ಮತ್ತೆ ಬರುತ್ತದೆ. ಮೂರನೆಯದಂತೂ ಕಚೇರಿಯ ಇಡೀ ದಾಖಲೆಗಳನ್ನು ಬಾಗಿಲಿಲ್ಲದ ಕೋಣೆಯಲ್ಲಿ ಇಟ್ಟುಬಿಡುತ್ತದೆ. ಎಲ್ಲೋ ಒಂದು ಕಡೆ ಕೆಟ್ಟಿದೆ; ಆ ಕಡೆ ಯಾವುದೆಂದು ಮೊದಲು ಕಂಡುಹಿಡಿಯಬೇಕು. ಅದಕ್ಕೆ ಬೇಕಾಗುವುದು ಎರಡು ಮೂರು ಪ್ರಶ್ನೆಗಳು, ಮತ್ತು ಪರದೆಯ ಮೇಲೆ ಬಂದ ಎರರ್ ಸಂದೇಶವನ್ನು ಓಕೆ ಒತ್ತಿ ಓಡಿಸದೆ ಓದುವ ತಾಳ್ಮೆ.

ಸಂದೇಶದಲ್ಲಿರುವ ಸುಳಿವು

ವಿಂಡೋಸ್ ತೋರಿಸುವ ಉದ್ದದ ಎರರ್ ಸಂಖ್ಯೆಗಳು ಮೊದಲ ನೋಟಕ್ಕೆ ಅರ್ಥವಿಲ್ಲದವುಗಳಂತೆ ಕಾಣುತ್ತವೆ. ಆದರೆ 8007 ಎಂದು ಶುರುವಾಗುವ ಸಂಖ್ಯೆಯ ಕೊನೆಯ ನಾಲ್ಕು ಸ್ಥಾನಗಳು ವಿಂಡೋಸ್‌ನ ಹಳೆಯ ಎರರ್ ಪಟ್ಟಿಯ ಅಂಕಿಯನ್ನೇ ಹದಿನಾರರ ಮಾನದಲ್ಲಿ ಬರೆದದ್ದು. 80070035 ಬಂದರೆ ಅದು 53: ನೆಟ್‌ವರ್ಕ್ ಪಾಥ್ ಸಿಗಲಿಲ್ಲ. 80070040 ಎಂದರೆ 64: ಮೊದಲು ಸಿಕ್ಕಿದ್ದ ಸರ್ವರ್ ನಡುವೆ ಕೈಬಿಟ್ಟಿತು. 80070005 ಎಂದರೆ 5: ಅನುಮತಿ ಇಲ್ಲ. 80070070 ಎಂದರೆ 112: ಡಿಸ್ಕಿನಲ್ಲಿ ಜಾಗವಿಲ್ಲ. ಕಮಾಂಡ್ ಪ್ರಾಂಪ್ಟ್ ತೆರೆದು ‘ನೆಟ್ ಹೆಲ್ಪ್‌ಎಂಎಸ್‌ಜಿ’ ಎಂಬ ಆದೇಶದ ಮುಂದೆ ಈ ಅಂಕಿ ಕೊಟ್ಟರೆ ಅರ್ಥವನ್ನು ಕಂಪ್ಯೂಟರೇ ಹೇಳುತ್ತದೆ.

53 ಮತ್ತು 64ರ ನಡುವಿನ ವ್ಯತ್ಯಾಸವನ್ನು ಗಮನಿಸಿ. 53 ಬಂದರೆ ಸರ್ವರಿನವರೆಗೆ ಮಾತೇ ತಲುಪಿಲ್ಲ. ಆಗ ಸರ್ವರಿನ ಹೆಸರಿನ ಬದಲು ಅದರ ಐಪಿ ವಿಳಾಸವನ್ನು ನೇರವಾಗಿ ಹೊಡೆದು ನೋಡಬೇಕು. ವಿಳಾಸದಿಂದ ತೆರೆದು ಹೆಸರಿನಿಂದ ತೆರೆಯದಿದ್ದರೆ ಕೇಬಲನ್ನೂ ಸರ್ವರನ್ನೂ ಮುಟ್ಟುವ ಅಗತ್ಯವಿಲ್ಲ, ಹೆಸರನ್ನು ವಿಳಾಸಕ್ಕೆ ತಿರುಗಿಸುವ ಡಿಎನ್‌ಎಸ್ ಏರ್ಪಾಡನ್ನು ನೋಡಿದರೆ ಸಾಕು. ಎರಡರಿಂದಲೂ ತೆರೆಯದಿದ್ದರೆ ಸರ್ವರಿನ 445ನೇ ಪೋರ್ಟು ಫೈರ್‌ವಾಲಿನಲ್ಲಿ ಮುಚ್ಚಿರಬಹುದು. ವಿಂಡೋಸ್‌ನ ಫೈಲು ಹಂಚಿಕೆಯ ಮಾತುಕತೆಯೆಲ್ಲ ನಡೆಯುವುದು ಆ ಪೋರ್ಟಿನಲ್ಲೇ. 64 ಬಂದರೆ ಕಥೆ ಬೇರೆ. ಸಂಪರ್ಕ ಆಗಿತ್ತು, ಸ್ವಲ್ಪ ಫೈಲು ಹೋಗಿತ್ತು, ಆಮೇಲೆ ಕಡಿದುಹೋಯಿತು. ಅಲ್ಲಿ ಸಂಶಯ ಪಡಬೇಕಾದದ್ದು ಕೇಬಲು, ವೈಫೈ, ನಿದ್ದೆಗೆ ಜಾರುವ ನೆಟ್‌ವರ್ಕ್ ಕಾರ್ಡು ಮತ್ತು ಕರೆಂಟು. ನಮ್ಮ ಊರುಗಳ ಕಚೇರಿಗಳಲ್ಲಿ ಸರ್ವರಿಗೆ ಯುಪಿಎಸ್ ಇರುತ್ತದೆ, ಕಂಪ್ಯೂಟರಿಗೂ ಇರುತ್ತದೆ. ಗೋಡೆಯ ಮೇಲಿನ ಪುಟ್ಟ ನೆಟ್‌ವರ್ಕ್ ಸ್ವಿಚ್ಚಿಗೆ ಮಾತ್ರ ನೇರ ಮೇನ್ಸ್ ಪ್ಲಗ್ಗು. ಕರೆಂಟ್ ಒಂದು ಕ್ಷಣ ಹೋಗಿ ಬಂದರೆ ಎರಡೂ ಕಂಪ್ಯೂಟರು ಅಲುಗದೆ ನಿಂತಿರುತ್ತವೆ, ನಡುವಿನ ಸ್ವಿಚ್ಚು ಮಾತ್ರ ಆರಿ ಮತ್ತೆ ಹೊತ್ತಿಕೊಳ್ಳುತ್ತದೆ. ಕಾಪಿ ಅಲ್ಲೇ ಸತ್ತಿರುತ್ತದೆ. ಆ ಸ್ವಿಚ್ಚಿನ ಪ್ಲಗ್ಗನ್ನು ಯುಪಿಎಸ್‌ಗೆ ಬದಲಿಸಿದರೆ ಎಷ್ಟೋ ಕಡೆ ‘ಸರ್ವರ್ ಪ್ರಾಬ್ಲಮ್’ ಅಲ್ಲಿಗೆ ಮುಗಿಯುತ್ತದೆ.

ಅನುಮತಿಯ ಎರರ್ ಬಂದಾಗ ಒಂದು ಸಂಗತಿ ನೆನಪಿರಲಿ. ವಿಂಡೋಸ್ ಸರ್ವರಿನಲ್ಲಿ ಎರಡು ಕಾವಲುಗಳಿವೆ: ಹಂಚಿಕೆಯ ಅನುಮತಿ ಒಂದು, ಡಿಸ್ಕಿನ ಮೇಲಿನ ಫೋಲ್ಡರಿನ ಅನುಮತಿ ಇನ್ನೊಂದು. ಎರಡರಲ್ಲಿ ಯಾವುದು ಬಿಗಿಯೊ ಅದೇ ನಡೆಯುತ್ತದೆ. ಫೋಲ್ಡರಿನಲ್ಲಿ ಪೂರ್ತಿ ಹಕ್ಕು ಕೊಟ್ಟು ಹಂಚಿಕೆಯಲ್ಲಿ ಓದುವ ಹಕ್ಕನ್ನಷ್ಟೇ ಬಿಟ್ಟಿದ್ದರೆ ಒಂದಕ್ಷರವನ್ನೂ ಬರೆಯಲಾಗದು. ಇನ್ನೊಂದು ಕಾರಣ ಯಾರ ತಲೆಗೂ ಬೇಗ ಹೊಳೆಯುವುದಿಲ್ಲ: ಗಡಿಯಾರ. ಎಲ್ಲರ ಲಾಗಿನ್ ಒಂದೇ ಕಡೆ ನಡೆಯುವ ಡೊಮೇನ್ ಏರ್ಪಾಡಿರುವ ದೊಡ್ಡ ಕಚೇರಿಗಳಲ್ಲಿ ಗುರುತು ಪರಿಶೀಲಿಸುವ ಕೆರ್ಬೆರೋಸ್ ವ್ಯವಸ್ಥೆ ಎರಡು ಯಂತ್ರಗಳ ಗಡಿಯಾರಗಳ ನಡುವೆ ಸಾಮಾನ್ಯವಾಗಿ ಐದು ನಿಮಿಷಕ್ಕಿಂತ ಹೆಚ್ಚು ವ್ಯತ್ಯಾಸವನ್ನು ಸಹಿಸುವುದಿಲ್ಲ. ಹಳೆಯ ಕಂಪ್ಯೂಟರಿನ ಮದರ್‌ಬೋರ್ಡಿನಲ್ಲಿರುವ ನಾಣ್ಯದಾಕಾರದ ಬ್ಯಾಟರಿ ಸತ್ತು ತಾರೀಖು ಹಿಂದಕ್ಕೆ ಹೋಗಿದ್ದರೆ ಪಾಸ್‌ವರ್ಡ್ ಎಷ್ಟು ಸರಿಯಿದ್ದರೂ ಸರ್ವರ್ ಒಳಗೆ ಬಿಡದೆ ಇರಬಹುದು.

ಇಪ್ಪತ್ತು ಕಂಪ್ಯೂಟರಿಗೆ ತೆರೆಯುವ ಫೋಲ್ಡರು ಇಪ್ಪತ್ತೊಂದನೆಯದಕ್ಕೆ ತೆರೆಯದಿದ್ದರೆ ಅದಕ್ಕೂ ಕಾರಣವಿದೆ. ಸಾಮಾನ್ಯ ವಿಂಡೋಸ್ ಕಂಪ್ಯೂಟರನ್ನೇ ಸರ್ವರ್ ಮಾಡಿಕೊಂಡರೆ ಅದು ಏಕಕಾಲಕ್ಕೆ 20 ಸಂಪರ್ಕಗಳನ್ನಷ್ಟೇ ಒಪ್ಪುತ್ತದೆ. ಕಾಲೇಜಿನ ಲ್ಯಾಬುಗಳಲ್ಲಿ ಇದು ಮತ್ತೆ ಮತ್ತೆ ಎದುರಾಗುವ ಗೋಡೆ.

ಚಿಕ್ಕದು ಹೋಗುತ್ತದೆ, ದೊಡ್ಡದು ನಿಲ್ಲುತ್ತದೆ

ಇಡೀ ಪತ್ತೆದಾರಿಯಲ್ಲಿ ಅತ್ಯಂತ ಬೆಲೆಬಾಳುವ ಪ್ರಶ್ನೆ ಇದು ಎಂದು ನಾನು ನಂಬಿದ್ದೇನೆ: ಎಲ್ಲ ಫೈಲುಗಳೂ ನಿಲ್ಲುತ್ತವೆಯೇ, ದೊಡ್ಡವು ಮಾತ್ರವೇ, ಅಥವಾ ಯಾವಾಗಲೂ ಅದೇ ಒಂದು ಫೈಲೇ?

ದೊಡ್ಡ ಫೈಲು ಮಾತ್ರ ಹೋಗದಿದ್ದರೆ ಮೊದಲು ಕೇಳಬೇಕಾದದ್ದು ಅದರ ಗಾತ್ರ. ಫ್ಯಾಟ್32 ವಿನ್ಯಾಸದ ಪೆನ್‌ಡ್ರೈವಿನಲ್ಲಾಗಲಿ ಡಿಸ್ಕಿನಲ್ಲಾಗಲಿ ಒಂದು ಫೈಲು 4,29,49,67,295 ಬೈಟ್ ಮೀರುವಂತಿಲ್ಲ, ಅಂದರೆ 4 ಜಿಬಿಗೆ ಒಂದು ಬೈಟ್ ಕಡಿಮೆ. ಮದುವೆಯ ವಿಡಿಯೊ ಫೈಲು ಈ ಗಡಿಯನ್ನು ಸುಲಭವಾಗಿ ದಾಟುತ್ತದೆ. ರೂಟರಿನ ಹಿಂದೆ ಒಂದು ಯುಎಸ್‌ಬಿ ಡಿಸ್ಕ್ ಸಿಕ್ಕಿಸಿ ಅದನ್ನೇ ಸರ್ವರಂತೆ ಬಳಸುವ ಕಡೆ ಈ ಮಿತಿ ಜಾಲದ ದೋಷದ ವೇಷ ಹಾಕಿಕೊಂಡು ಬರುತ್ತದೆ. ಡಿಸ್ಕಿನಲ್ಲಿ ನೂರಾರು ಜಿಬಿ ಖಾಲಿಯಿದ್ದರೂ ಫೈಲು ದೊಡ್ಡದಾಯಿತು ಎಂಬ ಸಂದೇಶ ಬಂದರೆ ನೆಟ್‌ವರ್ಕನ್ನು ಅನುಮಾನಿಸಬೇಡಿ. ಡಿಸ್ಕಿನ ವಿನ್ಯಾಸವನ್ನು ನೋಡಿ.

ಗಾತ್ರದ ಮಿತಿ ಇಲ್ಲದೆಯೂ ದೊಡ್ಡವು ತೆವಳುತ್ತಿದ್ದರೆ ವೇಗದ ಅಂಕಿಯನ್ನು ಓದಿ. ಗಿಗಾಬಿಟ್ ಜಾಲದಲ್ಲಿ ಒಂದು ದೊಡ್ಡ ಫೈಲು ಸೆಕೆಂಡಿಗೆ ಸುಮಾರು 110 ಎಂಬಿ ವೇಗದಲ್ಲಿ ಸಾಗಬಲ್ಲದು. ಅದು 11 ಎಂಬಿಯ ಸುತ್ತ ನಿಂತುಬಿಟ್ಟಿದ್ದರೆ ಆ ಕೊಂಡಿ ನೂರು ಮೆಗಾಬಿಟ್‌ಗೆ ಇಳಿದಿದೆ ಎಂದು ಹೆಚ್ಚುಕಡಿಮೆ ಖಚಿತವಾಗಿ ಹೇಳಬಹುದು. ಕಾರಣ ಕೇಬಲಿನ ಒಳಗಿರುತ್ತದೆ. ಗಿಗಾಬಿಟ್‌ಗೆ ಎಂಟೂ ತಂತಿಗಳು, ಅಂದರೆ ನಾಲ್ಕು ಜೋಡಿಗಳೂ ಬೇಕು. ನೂರು ಮೆಗಾಬಿಟ್‌ಗೆ ಎರಡು ಜೋಡಿ ಸಾಕು. ಇಲಿ ಕಡಿದೊ, ಮೇಜಿನ ಕಾಲಿಗೆ ಸಿಕ್ಕೊ, ಪ್ಲಗ್ಗಿನಲ್ಲಿ ಸರಿಯಾಗಿ ಒತ್ತದೆಯೊ ಒಂದು ತಂತಿ ಹೋದರೂ ಎರಡು ತುದಿಯ ಯಂತ್ರಗಳು ತಾವೇ ಮಾತಾಡಿಕೊಂಡು ಕೆಳಗಿನ ವೇಗಕ್ಕೆ ಇಳಿಯಬಹುದು. ಎರರ್ ಬರುವುದಿಲ್ಲ, ಇಂಟರ್‌ನೆಟ್ ಎಂದಿನಂತೆ ಓಡುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಹೊಸ ಸರ್ವರಿಗೆ ದುಡ್ಡು ಹಾಕುವ ಮೊದಲು ಒಂದು ಹೊಸ ಕೇಬಲ್ ಹಾಕಿ ನೋಡುವುದು ಎಷ್ಟೋ ಅಗ್ಗ.

ಇನ್ನು ಕೆಲವೊಮ್ಮೆ ಸರ್ವರ್ ಓಗೊಡುತ್ತದೆಯೇ ಎಂದು ನೋಡುವ ಪಿಂಗ್ ಆದೇಶಕ್ಕೆ ಉತ್ತರ ಚೆನ್ನಾಗಿ ಬರುತ್ತದೆ, ಫೋಲ್ಡರಿನ ಪಟ್ಟಿ ತೆರೆಯುತ್ತದೆ, ಚಿಕ್ಕ ವರ್ಡ್ ಫೈಲು ಹೋಗುತ್ತದೆ, ದೊಡ್ಡದಕ್ಕೆ ಕೈಹಾಕಿದ ಕೂಡಲೇ ಎಲ್ಲ ಸ್ತಬ್ಧ. ಇದು ಪ್ಯಾಕೆಟ್ಟಿನ ಅಳತೆ ಹೊಂದಿಕೆಯಾಗದ ಲಕ್ಷಣ. ಈಥರ್‌ನೆಟ್ಟಿನ ಸಾಮಾನ್ಯ ಅಳತೆ 1500 ಬೈಟ್. ವೇಗ ಹೆಚ್ಚಲೆಂದು ಯಾರೋ ಸರ್ವರಿನಲ್ಲೂ ಕಂಪ್ಯೂಟರಿನಲ್ಲೂ 9000 ಬೈಟಿನ ಜಂಬೊ ಫ್ರೇಮ್ ಚಾಲೂ ಮಾಡಿ, ನಡುವಿನ ಸ್ವಿಚ್ಚು ಅದನ್ನು ಒಪ್ಪದಿದ್ದರೆ ಚಿಕ್ಕ ಪ್ಯಾಕೆಟ್ಟುಗಳು ದಾಟುತ್ತವೆ, ದೊಡ್ಡವು ಸದ್ದಿಲ್ಲದೆ ಬಿದ್ದುಹೋಗುತ್ತವೆ. ದೂರದ ಕಚೇರಿಗೆ ವಿಪಿಎನ್ ಮೂಲಕ ಕಾಪಿ ಮಾಡುವಾಗ ಇದರ ತಿರುಗುಮುರುಗು ನಡೆಯುತ್ತದೆ: ವಿಪಿಎನ್ ತನ್ನ ಹೊದಿಕೆಗೆ ಜಾಗ ತೆಗೆದುಕೊಳ್ಳುವುದರಿಂದ 1500 ಬೈಟಿನದೂ ಹಿಡಿಸುವುದಿಲ್ಲ. ಪಿಂಗ್ ಆದೇಶಕ್ಕೆ ಪ್ಯಾಕೆಟ್ಟನ್ನು ಒಡೆಯಬೇಡ ಎಂಬ ಆಯ್ಕೆ ಕೊಟ್ಟು, 1472 ಬೈಟ್ ಗಾತ್ರದಿಂದ ಶುರುಮಾಡಿ ಇಳಿಸುತ್ತ ಬಂದರೆ ಎಷ್ಟು ದೊಡ್ಡದು ದಾಟುತ್ತದೆಂದು ತಿಳಿಯುತ್ತದೆ. 1472ಕ್ಕೆ ತಲೆಬರಹದ 28 ಸೇರಿದರೆ 1500; ಆ ಲೆಕ್ಕವೇ ಈ ಅಂಕಿಯ ಮೂಲ.

ಯಾವಾಗಲೂ ಅದೇ ಒಂದು ಫೈಲು ನಿಲ್ಲುತ್ತಿದ್ದರೆ ತನಿಖೆ ಜಾಲದಿಂದ ಫೈಲಿನ ಕಡೆಗೆ ತಿರುಗಬೇಕು. ಅದನ್ನು ಇನ್ನೊಬ್ಬರು ತೆರೆದಿಟ್ಟಿರಬಹುದು. ಮೂಲ ಡಿಸ್ಕಿನಲ್ಲಿ ಅದು ಕೂತಿರುವ ಜಾಗವೇ ಕೆಟ್ಟಿರಬಹುದು. ಹಾಗಿದ್ದರೆ ಅದೇ ಫೈಲನ್ನು ಅದೇ ಕಂಪ್ಯೂಟರಿನ ಇನ್ನೊಂದು ಡಿಸ್ಕಿಗೆ ಕಾಪಿ ಮಾಡಲು ಹೋದರೂ ಅದು ಅಲ್ಲೇ ನಿಲ್ಲುತ್ತದೆ, ಮತ್ತು ಆ ಡಿಸ್ಕಿನ ಉಳಿದ ಫೈಲುಗಳನ್ನು ಅಂದೇ ಎತ್ತಿಡಬೇಕು. ಇವೆರಡೂ ಅಲ್ಲದಿದ್ದರೆ ತಪ್ಪು ಹೆಸರಿನಲ್ಲಿರಬಹುದು.

ಕನ್ನಡದಲ್ಲಿ ಹೆಸರಿಟ್ಟ ಫೈಲು

ಈ ಭಾಗವನ್ನು ಸ್ವಲ್ಪ ವಿವರವಾಗಿ ಬರೆಯಬೇಕು. ಯಾಕೆಂದರೆ ಇಂಗ್ಲಿಷಿನಲ್ಲಿ ಹೆಸರಿಡುವವರಿಗೆ ಎದುರಾಗದ ತೊಂದರೆಗಳು ನಮಗೆ ಎದುರಾಗುತ್ತವೆ, ಮತ್ತು ಇಂಗ್ಲಿಷಿನ ಸಹಾಯ ಪುಟಗಳಲ್ಲಿ ಅವುಗಳ ಸುಳಿವು ಅಪರೂಪ.

ವಿಂಡೋಸ್‌ನ ಎನ್‌ಟಿಎಫ್‌ಎಸ್ ಡಿಸ್ಕಿನಲ್ಲಿ ಒಂದು ಹೆಸರು 255 ಸಂಕೇತಗಳವರೆಗೆ ಇರಬಹುದು. ಕನ್ನಡದ ಒಂದು ಸಂಕೇತಕ್ಕೂ ಇಂಗ್ಲಿಷಿನ ಒಂದು ಅಕ್ಷರಕ್ಕೂ ಅಲ್ಲಿ ಒಂದೇ ಲೆಕ್ಕ. ಆದರೆ ಬಹುಪಾಲು ನ್ಯಾಸ್ ಪೆಟ್ಟಿಗೆಗಳ ಒಳಗೆ ಓಡುವುದು ಲಿನಕ್ಸ್. ಅಲ್ಲಿ ಮಿತಿ 255 ಬೈಟ್. ಯುಟಿಎಫ್-8 ಪದ್ಧತಿಯಲ್ಲಿ ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟಾದರೆ ಕನ್ನಡದ ಪ್ರತಿ ಸಂಕೇತಕ್ಕೆ ಮೂರು. ಒತ್ತಕ್ಷರ, ಕೊಂಬು, ಇಳಿ, ಅನುಸ್ವಾರ ಎಲ್ಲಕ್ಕೂ ಬೇರೆ ಬೇರೆ ಸಂಕೇತ. ‘ಗ್ರಾಮ ಪಂಚಾಯಿತಿ ಸಾಮಾನ್ಯ ಸಭೆಯ ನಡಾವಳಿ’ ಎಂಬ ಹೆಸರಿನಲ್ಲಿ ನಮ್ಮ ಕಣ್ಣಿಗೆ ಹದಿನಾರೇ ಅಕ್ಷರ. ಸರ್ವರಿನ ಲೆಕ್ಕದಲ್ಲಿ ಅದು 94 ಬೈಟ್. ಇದಕ್ಕೆ ಊರಿನ ಹೆಸರು, ತಾರೀಖು, ವಿಷಯ, ‘ಅಂತಿಮ ಪ್ರತಿ’ ಎಲ್ಲ ಸೇರಿಸಿದರೆ ಮಿತಿ ದೂರವೇನಿಲ್ಲ. ಹೆಸರಿನಲ್ಲಿ ಕನ್ನಡದ ಸಂಕೇತಗಳು 85ಕ್ಕಿಂತ ಹೆಚ್ಚಾದವೆಂದರೆ ವಿಂಡೋಸ್ ಕಂಪ್ಯೂಟರಿನಲ್ಲಿ ಸುಖವಾಗಿದ್ದ ಫೈಲನ್ನು ಸರ್ವರ್ ಒಪ್ಪುವುದಿಲ್ಲ. ಫೈಲಿನ ಹೆಸರನ್ನೂ ಗೂಢಲಿಪಿಗೆ ತಿರುಗಿಸುವ ಇಕ್ರಿಪ್ಟ್‌ಎಫ್‌ಎಸ್ ವ್ಯವಸ್ಥೆ ಬಳಸುವ ಪೆಟ್ಟಿಗೆಗಳಲ್ಲಂತೂ ಮಿತಿ 143 ಬೈಟಿಗೆ ಇಳಿಯುತ್ತದೆ. ಕನ್ನಡಕ್ಕೆ ಉಳಿಯುವುದು 47 ಸಂಕೇತ.

ಎರಡನೆಯ ತೊಡಕು ಇನ್ನೂ ಸೂಕ್ಷ್ಮ. ‘ಕೋಲಾರ’ ಎಂಬುದನ್ನು ಯೂನಿಕೋಡಿನಲ್ಲಿ ಒಂದಕ್ಕಿಂತ ಹೆಚ್ಚು ರೀತಿಯಲ್ಲಿ ಬರೆದಿಡಬಹುದು. ‘ಕೋ’ದಲ್ಲಿರುವ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿ ಇಡಬಹುದು, ಇಲ್ಲವೆ ಎತ್ವ, ಕೊಂಬಿನ ದೀರ್ಘ ಮತ್ತು ಉದ್ದದ ಗುರುತು ಎಂದು ಮೂರಾಗಿ ಬಿಡಿಸಿ ಇಡಬಹುದು. ಪರದೆಯ ಮೇಲೆ ಎರಡೂ ಒಂದೇ. ಮೊದಲ ರೂಪಕ್ಕೆ 15 ಬೈಟ್, ಬಿಡಿಸಿದ್ದಕ್ಕೆ 21. ಆಪಲ್ ಮ್ಯಾಕ್ ಕಂಪ್ಯೂಟರುಗಳ ಹಳೆಯ ಎಚ್‌ಎಫ್‌ಎಸ್ ಪ್ಲಸ್ ಡಿಸ್ಕುಗಳು ಹೆಸರುಗಳನ್ನು ಬಿಡಿಸಿಯೇ ಇಡುತ್ತಿದ್ದವು. 2017ರಲ್ಲಿ ಬಂದ ಎಪಿಎಫ್‌ಎಸ್ ಬರೆದಂತೆ ಉಳಿಸುತ್ತದೆ. ಪತ್ರಿಕಾ ಕಚೇರಿಯ, ವಿನ್ಯಾಸಕಾರರ ಹಳೆಯ ಮ್ಯಾಕ್ ಡಿಸ್ಕಿನಿಂದ ಫೈಲು ಸಾಗಿಸುವ ಆರ್‌ಸಿಂಕ್ ತಂತ್ರಾಂಶದ ಮೂಲಕ ಲಿನಕ್ಸ್ ಸರ್ವರಿಗೆ ಕಳಿಸಿದರೆ ಬಿಡಿಸಿದ ಹೆಸರೇ ಹೋಗಿ ಕೂರುತ್ತದೆ. ಆಮೇಲೆ ವಿಂಡೋಸಿನಿಂದ ಅದೇ ಫೋಲ್ಡರನ್ನು ಕಳಿಸಿದರೆ ಸರ್ವರಿಗೆ ಅದು ಬೇರೆ ಹೆಸರು. ಒಂದರ ಪಕ್ಕ ಒಂದು ಎರಡು ‘ಕೋಲಾರ’ ಫೋಲ್ಡರುಗಳು, ಅರ್ಧ ಫೈಲು ಇದರಲ್ಲಿ, ಅರ್ಧ ಅದರಲ್ಲಿ. ಹುಡುಕಿದವರಿಗೆ ಕಾಪಿ ಅರ್ಧಕ್ಕೆ ನಿಂತಂತೆ ತೋರುತ್ತದೆ. ಆರ್‌ಸಿಂಕ್‌ನಲ್ಲಿ ಇದಕ್ಕಾಗಿಯೇ ಐಕಾನ್ವ್ ಎಂಬ ಆಯ್ಕೆ ಇದೆ. ಮ್ಯಾಕ್ ರೂಪದಿಂದ ಸಾಮಾನ್ಯ ರೂಪಕ್ಕೆ ಹೆಸರನ್ನು ದಾರಿಯಲ್ಲೇ ಬದಲಿಸುತ್ತದೆ.

ಕಣ್ಣಿಗೆ ಕಾಣದ ಸಂಕೇತಗಳದ್ದೂ ಇದೇ ಬಗೆಯ ಕಾಟ. ಅರ್ಧಾಕ್ಷರವನ್ನು ಮುಂದಿನ ಅಕ್ಷರಕ್ಕೆ ಅಂಟದಂತೆ ಬಿಡಿಸಿ ಬರೆಯಲು ನಾವು ಶೂನ್ಯ ಅಗಲದ ಒಂದು ಸಂಕೇತ ಬಳಸುತ್ತೇವೆ. ‘ರಿಪೋರ್ಟ್’ ಎಂಬ ಹೆಸರಿನ ಕೊನೆಗೆ ಒಬ್ಬರ ಟೈಪಿಂಗ್‌ನಲ್ಲಿ ಅದು ಸೇರಿಕೊಂಡು ಇನ್ನೊಬ್ಬರದರಲ್ಲಿ ಸೇರದಿದ್ದರೆ ನೋಡಲು ಒಂದೇ ಆದ ಎರಡು ಫೈಲುಗಳಾಗುತ್ತವೆ.

ಇದಕ್ಕೆ ವಿರುದ್ಧವಾದ ತಪ್ಪು ತಿಳಿವಳಿಕೆಯೂ ಉಂಟು. ನುಡಿ, ಬರಹ ತಂತ್ರಾಂಶಗಳ ಹಳೆಯ ಅಕ್ಷರಶೈಲಿಗಳಲ್ಲಿ ಯೂನಿಕೋಡ್ ಅಲ್ಲದೆ ಬರೆದ ಕಡತವನ್ನು ಸರ್ವರಿನಿಂದ ಹೊಸ ಕಂಪ್ಯೂಟರಿಗೆ ತಂದು ತೆರೆದರೆ ಕನ್ನಡದ ಜಾಗದಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳು ಕಾಣುತ್ತವೆ. ‘ಕಾಪಿ ಮಾಡುವಾಗ ಫೈಲ್ ಕರಪ್ಟ್ ಆಗಿದೆ’ ಎಂದು ಬೇಸರದಿಂದ ಅಳಿಸಿದವರಿದ್ದಾರೆ. ಆ ಫೈಲಿನಲ್ಲಿ ಒಂದು ಬೈಟೂ ಬದಲಾಗಿರುವುದಿಲ್ಲ. ಆ ಅಕ್ಷರಶೈಲಿ ಹೊಸ ಕಂಪ್ಯೂಟರಿನಲ್ಲಿ ಇಲ್ಲ, ಅಷ್ಟೇ. ದಯವಿಟ್ಟು ಅಳಿಸಬೇಡಿ, ಫಾಂಟ್ ಹಾಕಿ ತೆರೆಯಿರಿ, ಆಮೇಲೆ ಯೂನಿಕೋಡಿಗೆ ಪರಿವರ್ತಿಸಿ.

ಇಷ್ಟೆಲ್ಲ ತೊಡಕಿದೆಯೆಂದು ಕನ್ನಡದಲ್ಲಿ ಹೆಸರಿಡುವುದನ್ನೇ ಬಿಡಿ ಎಂದು ಸಲಹೆ ಕೊಡುವ ತಂತ್ರಜ್ಞರಿದ್ದಾರೆ. ನಾನು ಒಪ್ಪುವುದಿಲ್ಲ. ನಮ್ಮ ದಾಖಲೆಗಳು ನಮ್ಮ ಭಾಷೆಯ ಹೆಸರಿನಲ್ಲೇ ಸಿಗಬೇಕು. ಹೆಸರನ್ನು ಚಿಕ್ಕದಾಗಿಡಿ, ವಿವರಗಳನ್ನು ಫೋಲ್ಡರುಗಳಿಗೆ ಹಂಚಿ, ಕಚೇರಿಯ ಎಲ್ಲರೂ ಒಂದೇ ಬಗೆಯ ಕೀಲಿಮಣೆ ಬಳಸಿ. ಇಷ್ಟು ಸಾಕು.

ಹೆಸರಿನ ಉದ್ದದ ಜೊತೆ ದಾರಿಯ ಉದ್ದವನ್ನೂ ಗಮನಿಸಬೇಕು. ವಿಂಡೋಸ್‌ನಲ್ಲಿ ಡ್ರೈವಿನಿಂದ ಫೈಲಿನ ಹೆಸರಿನವರೆಗಿನ ಇಡೀ ಪಾಥ್ 260 ಸಂಕೇತ ದಾಟಬಾರದೆಂಬ ಹಳೆಯ ನಿಯಮವಿದೆ. 2016ರಿಂದ ಅದನ್ನು ಸಡಿಲಿಸುವ ಆಯ್ಕೆ ಇದ್ದರೂ ಫೋಲ್ಡರುಗಳನ್ನು ತೆರೆದು ತೋರಿಸುವ ಎಕ್ಸ್‌ಪ್ಲೋರರ್ ಈಗಲೂ ಅದಕ್ಕೆ ಎಡವುತ್ತದೆ. ಸರ್ವರಿನ ಆಳದ ಫೋಲ್ಡರನ್ನು ಝಡ್ ಡ್ರೈವೆಂದು ಜೋಡಿಸಿಕೊಂಡವರು, ದಾರಿ ಚಿಕ್ಕದಾಗಿ ಕಾಣುವುದರಿಂದ, ಒಳಗೆ ಇನ್ನೂ ಫೋಲ್ಡರುಗಳನ್ನು ಕಟ್ಟುತ್ತ ಹೋಗುತ್ತಾರೆ. ಬ್ಯಾಕಪ್ ತೆಗೆಯುವ ದಿನ ಸರ್ವರಿನ ಬುಡದಿಂದ ಅಳೆದಾಗ ಅದೇ ಫೈಲು ಮಿತಿಯ ಹೊರಗಿರುತ್ತದೆ.

ನಿನ್ನೆಯವರೆಗೆ ಸರಿಯಿತ್ತು

ಏನನ್ನೂ ಮುಟ್ಟದಿದ್ದರೂ ಹಳೆಯ ಸರ್ವರ್ ಇದ್ದಕ್ಕಿದ್ದಂತೆ ತೆರೆಯದಾದರೆ ಅದಕ್ಕೆ ಒಂದು ಚರಿತ್ರೆಯಿದೆ. ವಿಂಡೋಸ್ ಹಂಚಿಕೆಯ ಭಾಷೆಯಾದ ಎಸ್‌ಎಂಬಿ 1980ರ ದಶಕದಲ್ಲಿ ಐಬಿಎಂನಲ್ಲಿ ಹುಟ್ಟಿತು. 1990ರ ದಶಕದ ಆರಂಭದಲ್ಲಿ ಆಸ್ಟ್ರೇಲಿಯಾದ ಕ್ಯಾನ್ಬೆರಾದಲ್ಲಿ ವಿದ್ಯಾರ್ಥಿಯಾಗಿದ್ದ ಆಂಡ್ರ್ಯೂ ಟ್ರಿಜೆಲ್ ಜಾಲದಲ್ಲಿ ಹರಿಯುವ ಪ್ಯಾಕೆಟ್ಟುಗಳನ್ನು ಗಮನಿಸಿ ಅದೇ ಭಾಷೆ ಮಾತಾಡುವ ಸಾಂಬಾ ತಂತ್ರಾಂಶವನ್ನು ಬರೆಯತೊಡಗಿದರು. ಇಂದು ನ್ಯಾಸ್ ಪೆಟ್ಟಿಗೆಗಳಲ್ಲಿ ಸಾಮಾನ್ಯವಾಗಿ ಕೆಲಸ ಮಾಡುವುದು ಅದೇ ಸಾಂಬಾ. 2017ರ ಮೇ 12ರಂದು ಜಗತ್ತಿನಾದ್ಯಂತ ಹರಡಿದ ವನ್ನಾಕ್ರೈ ದಾಳಿ ಎಸ್‌ಎಂಬಿಯ ಮೊದಲ ಆವೃತ್ತಿಯ ಒಂದು ಬಿರುಕಿನಿಂದಲೇ ನುಗ್ಗಿತು. ಅದಕ್ಕೆ ಮೈಕ್ರೋಸಾಫ್ಟ್ ಮಾರ್ಚ್‌ನಲ್ಲೇ ತೇಪೆ ಕೊಟ್ಟಿದ್ದರೂ ಲಕ್ಷಾಂತರ ಕಂಪ್ಯೂಟರುಗಳು ಅದನ್ನು ಹಾಕಿಕೊಂಡಿರಲಿಲ್ಲ. ಆ ವರ್ಷದ ಕೊನೆಯಿಂದ ಹೊಸ ವಿಂಡೋಸ್‌ಗಳಲ್ಲಿ ಮೊದಲ ಆವೃತ್ತಿಯನ್ನು ಹಂತಹಂತವಾಗಿ ತೆಗೆಯಲಾಯಿತು. 2024ರ ವಿಂಡೋಸ್ 11 ಆವೃತ್ತಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಪ್ರತಿ ಸಂದೇಶಕ್ಕೂ ಡಿಜಿಟಲ್ ಸಹಿ ಬೇಕೆಂದು ಕೇಳತೊಡಗಿತು. ಪಾಸ್‌ವರ್ಡ್ ಇಲ್ಲದೆ ಅತಿಥಿಯಾಗಿ ಒಳಹೋಗುವ ದಾರಿಯನ್ನೂ ಮುಚ್ಚಿತು. ಹಳೆಯ ಪೆಟ್ಟಿಗೆಗಳಿಗೆ ಈ ಹೊಸ ನಿಯಮಗಳು ಗೊತ್ತಿಲ್ಲ. ಪರಿಹಾರವೆಂದು ಮೊದಲ ಆವೃತ್ತಿಯನ್ನು ಮತ್ತೆ ಚಾಲೂ ಮಾಡಲು ಹೇಳಿಕೊಡುವ ವಿಡಿಯೊಗಳು ಹೇರಳ. ಅದನ್ನು ಮಾಡಬಾರದು. ಪೆಟ್ಟಿಗೆಯ ತಂತ್ರಾಂಶವನ್ನು ನವೀಕರಿಸಿ, ಹೆಸರು ಮತ್ತು ಪಾಸ್‌ವರ್ಡ್ ಇರುವ ಖಾತೆ ತೆರೆಯಿರಿ; ಆಗದಷ್ಟು ಹಳೆಯದಾದರೆ ಬದಲಿಸಿ.

ತುದಿಗಳನ್ನು ಹೋಲಿಸುವುದು

ಎರರ್ ಬಂದ ಕಾಪಿಗಿಂತ ಎರರ್ ಬಾರದೆ ಕೆಟ್ಟ ಕಾಪಿ ಹೆಚ್ಚು ಅಪಾಯದ್ದು. 2000ದಲ್ಲಿ ಜೊನಾಥನ್ ಸ್ಟೋನ್ ಮತ್ತು ಕ್ರೇಗ್ ಪಾರ್ಟ್ರಿಜ್ ಇಂಟರ್‌ನೆಟ್ಟಿನ ಪ್ಯಾಕೆಟ್ಟುಗಳನ್ನು ಹಿಡಿದು ಪರೀಕ್ಷಿಸಿ ಒಂದು ಅಧ್ಯಯನ ಪ್ರಕಟಿಸಿದರು. ತಂತಿಯ ಹಂತದ ಪರೀಕ್ಷೆಯಲ್ಲಿ ಪಾಸಾಗಿ ಬಂದ ಪ್ಯಾಕೆಟ್ಟುಗಳಲ್ಲೂ 1,100ಕ್ಕೆ ಒಂದರಿಂದ 32,000ಕ್ಕೆ ಒಂದರವರೆಗೆ ಟಿಸಿಪಿ ಚೆಕ್‌ಸಮ್ಮಿನಲ್ಲಿ ತಪ್ಪಾಗಿದ್ದವು. ಎಂಐಟಿಯ ಗೇಟ್‌ವೇಯಂತೆಯೇ, ತಪ್ಪುಗಳ ದೊಡ್ಡ ಪಾಲು ಹುಟ್ಟಿದ್ದು ತಂತಿಯಲ್ಲಲ್ಲ, ಕಂಪ್ಯೂಟರು ಮತ್ತು ರೂಟರುಗಳ ಒಳಗೆ. ಆ ಚೆಕ್‌ಸಮ್ 16 ಬಿಟ್ಟಿನ ಕೂಡುವ ಲೆಕ್ಕ ಮಾತ್ರ. ಎರಡು ತುಣುಕುಗಳು ಜಾಗ ಬದಲಿಸಿದರೆ ಮೊತ್ತ ಹಾಗೆಯೇ ಉಳಿಯುತ್ತದೆ, ತಪ್ಪು ಗೊತ್ತೇ ಆಗುವುದಿಲ್ಲ. ಇಂದಿನ ಎಸ್‌ಎಂಬಿಯ ಡಿಜಿಟಲ್ ಸಹಿ ದಾರಿಯಲ್ಲಾಗುವ ಇಂಥ ಬದಲಾವಣೆಯನ್ನು ಹಿಡಿಯುತ್ತದೆ. ಆದರೆ ಸರ್ವರಿನ ಮೆಮೊರಿಯಲ್ಲೊ ಡಿಸ್ಕಿನಲ್ಲೊ ಆಗುವುದನ್ನು ಹಿಡಿಯಲು ಅದಕ್ಕೂ ಆಗದು. ವಿಂಡೋಸ್ ಎಕ್ಸ್‌ಪ್ಲೋರರ್ ಕಾಪಿ ಮುಗಿಸಿದ ಮೇಲೆ ಎರಡನ್ನೂ ಓದಿ ಹೋಲಿಸುವುದಿಲ್ಲ. ಹಸಿರು ಪಟ್ಟಿ ತುಂಬಿತೆಂದರೆ ಬರೆಯಲು ಕೊಟ್ಟಾಯಿತೆಂದು ಅರ್ಥ.

ಹೋಲಿಸುವ ಸಾಧನಗಳು ಎಲ್ಲ ಕಂಪ್ಯೂಟರುಗಳಲ್ಲೂ ಉಚಿತವಾಗಿ ಇವೆ. ಹ್ಯಾಶ್ ಎಂದರೆ ಫೈಲಿನ ಎಲ್ಲ ಬೈಟುಗಳಿಂದ ಲೆಕ್ಕ ಹಾಕಿದ ಒಂದು ಮುದ್ರೆ. ಎಸ್‌ಎಚ್‌ಎ-256 ಪದ್ಧತಿಯಲ್ಲಿ ಅದು 64 ಸ್ಥಾನಗಳ ಸಂಖ್ಯೆ. ಒಂದು ಬಿಟ್ ಬದಲಾದರೂ ಮುದ್ರೆ ಗುರುತು ಸಿಗದಷ್ಟು ಬದಲಾಗುತ್ತದೆ. ವಿಂಡೋಸ್ ಪವರ್‌ಶೆಲ್‌ನಲ್ಲಿ ಗೆಟ್-ಫೈಲ್‌ಹ್ಯಾಶ್, ಲಿನಕ್ಸ್‌ನಲ್ಲಿ ಎಸ್‌ಎಚ್‌ಎ256ಸಮ್, ಮ್ಯಾಕ್‌ನಲ್ಲಿ 256ರ ಆಯ್ಕೆ ಕೊಟ್ಟ ಎಸ್‌ಎಚ್‌ಎಸಮ್ ಆದೇಶಗಳು ಅದನ್ನು ಕೊಡುತ್ತವೆ. ಕಾಪಿ ಮಾಡಿದ ಕಂಪ್ಯೂಟರಿನಲ್ಲೇ ಕೂತು ಆ ಕ್ಷಣವೇ ಹೋಲಿಸಿದರೆ ಸರ್ವರಿನ ಡಿಸ್ಕಿನ ಬದಲು ಮೆಮೊರಿಯಲ್ಲಿ ಉಳಿದಿರುವ ಪ್ರತಿಯನ್ನೇ ಓದಿಬಿಡುವ ಸಂಭವವಿದೆ. ಹಾಗಾಗಿ ಸರ್ವರಿನ ಮುದ್ರೆಯನ್ನು ಸ್ವಲ್ಪ ಹೊತ್ತು ಬಿಟ್ಟು, ಇನ್ನೊಂದು ಕಂಪ್ಯೂಟರಿನಿಂದ ತೆಗೆಯುವುದು ಒಳ್ಳೆಯದು.

ನೂರಾರು ಜಿಬಿ ಸಾಗಿಸಬೇಕಾದಾಗ ಎಳೆದು ಬಿಡುವ ಪದ್ಧತಿ ಸಾಲದು. ಟ್ರಿಜೆಲ್ ಮತ್ತು ಪಾಲ್ ಮೆಕೆರಸ್ 1996ರಲ್ಲಿ ಹೊರತಂದ ಆರ್‌ಸಿಂಕ್ ಬದಲಾದ ಭಾಗವನ್ನಷ್ಟೇ ಕಳಿಸಬಲ್ಲದು, ತಾನು ಸಾಗಿಸಿದ ಪ್ರತಿ ಫೈಲನ್ನೂ ಚೆಕ್‌ಸಮ್‌ನಿಂದ ತಾಳೆ ನೋಡುತ್ತದೆ. ವಿಂಡೋಸ್‌ನವರಿಗೆ ರೋಬೋಕಾಪಿ ಇದೆ. ಝಡ್ ಆಯ್ಕೆ ಕೊಟ್ಟರೆ ನಡುವೆ ಕಡಿದ ಫೈಲನ್ನು ನಿಂತಲ್ಲಿಂದ ಮುಂದುವರಿಸುತ್ತದೆ, ಲಾಗ್ ಆಯ್ಕೆ ಕೊಟ್ಟರೆ ಏನೇನು ಸೋತಿತೆಂದು ಬರೆದಿಡುತ್ತದೆ. ಅದರಲ್ಲಿ ಎರಡು ಎಚ್ಚರಿಕೆ ಬೇಕು. ನೀವು ಬೇರೆ ಹೇಳದಿದ್ದರೆ ಅದು ಸೋತ ಫೈಲನ್ನು 30 ಸೆಕೆಂಡಿಗೊಮ್ಮೆ ಹತ್ತು ಲಕ್ಷ ಸಲ ಮತ್ತೆ ಯತ್ನಿಸುತ್ತದೆ, ಅಂದರೆ ಒಂದೇ ಫೈಲಿಗಾಗಿ 347 ದಿನ. ಯತ್ನದ ಸಂಖ್ಯೆಯನ್ನು ಎರಡು ಮೂರಕ್ಕೆ ಇಳಿಸಿಯೇ ಶುರುಮಾಡಿ. ಇನ್ನೊಂದು, ಮಿರರ್ ಆಯ್ಕೆ ಮೂಲದಲ್ಲಿಲ್ಲದ ಫೈಲುಗಳನ್ನು ಗುರಿಯ ಕಡೆಯಿಂದ ಅಳಿಸಿಬಿಡುತ್ತದೆ. ದಿಕ್ಕು ತಪ್ಪಿ ಕೊಟ್ಟರೆ ಸರ್ವರ್ ಖಾಲಿಯಾಗಬಹುದು.

ಕಡೆಯದಾಗಿ ಒಂದು ಕೋರಿಕೆ. ಜಾಲದ ಮೇಲೆ ಕಟ್ ಮಾಡಿ ಪೇಸ್ಟ್ ಮಾಡಬೇಡಿ, ಯಾವಾಗಲೂ ಕಾಪಿ ಮಾಡಿ. ಮದುವೆಯ ವಿಡಿಯೊ ಆಗಲಿ, ಅಜ್ಜಿಯ ದನಿಯಿರುವ ಧ್ವನಿಮುದ್ರಿಕೆಯಾಗಲಿ, ಪಂಚಾಯಿತಿಯ ನಡಾವಳಿಯಾಗಲಿ, ಎರಡು ತುದಿಯ ಹ್ಯಾಶ್ ತಾಳೆಯಾದ ಮೇಲೆ, ಸರ್ವರಿನಲ್ಲಿರುವ ಪ್ರತಿಯನ್ನು ಒಮ್ಮೆ ತೆರೆದು ನೋಡಿದ ಮೇಲೆ, ಮೂಲವನ್ನು ಅಳಿಸಿ. ಅಲ್ಲಿಯವರೆಗೆ ಕ್ಯಾಮೆರಾದ ಕಾರ್ಡನ್ನು ಫಾರ್ಮ್ಯಾಟ್ ಮಾಡಬೇಡಿ.